ಚಪ್ಪರದ ಹೊರಗಿನ ಏಳು

ಗೌಸ್ ಸಾಹೇಬರಿಗೆ ಗಣಿತ ಬರುತ್ತಿರಲಿಲ್ಲ. ಚಳ್ಳಕೆರೆಯಲ್ಲಿ ಗಣಿತದ ಪ್ರಶ್ನೆಪತ್ರಿಕೆ ಟೈಪ್ ಮಾಡುವವರಿಗೆ ಇರಬೇಕಾದ ಮುಖ್ಯ ಕ್ವಾಲಿಫಿಕೇಶನ್ ಅದೇ ಆಗಿತ್ತು. ಏನೂ ತಿಳಿಯದವನು ಪೇಪರ್ ಲೀಕ್ ಮಾಡಲಾರ ಎಂಬುದು ನಮ್ಮ ಹೆಡ್‌ಮಾಸ್ಟರುಗಳ ನಂಬಿಕೆ. ಸಾಹೇಬರೂ ಅದನ್ನು ಎದೆಯುಬ್ಬಿಸಿಯೇ ಹೇಳಿಕೊಳ್ಳುತ್ತಿದ್ದರು. "ನಾನು ಎಂಟನೇ ಕ್ಲಾಸ್ ಫೇಲು, ಅದೂ ಲೆಕ್ಕದಾಗೆ. ಬ್ಯಾರೆ ಸರ್ಟಿಫಿಕೇಟ್ ಏನ್ ಬೇಕ್ರಿ ನಿಮಗೆ?"

ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ, ಎಣ್ಣೆ ಮಿಲ್ಲಿನ ಕಾಂಪೌಂಡಿಗೆ ಬೆನ್ನು ಕೊಟ್ಟು ಅವರ ಅಂಗಡಿ ಇತ್ತು. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಗಿರಾಕಿಗೆ ಒಂದು ಸ್ಟೂಲು. ಅಲ್ಲಿ ಟೈಪ್ ಆದ ಹಾಳೆಯನ್ನು ಮನೆಗೆ ತಂದ ಮೇಲೂ ಅದರಿಂದ ಶೇಂಗಾ ಹಿಂಡಿಯ ವಾಸನೆ ಬರುತ್ತಿತ್ತು. ನನ್ನ ಇಮ್ಯಾಜಿನೇಶನ್ ಇರಬಹುದು. ಸಾಹೇಬರದು ಸಣಕಲು ದೇಹ. ಕನ್ನಡಕದ ಒಂದು ಕಾಲು ಮುರಿದು ಎಷ್ಟೋ ವರ್ಷವಾಗಿತ್ತು. ಪಕ್ಕದ ಮೋಟಾರ್ ರಿವೈಂಡಿಂಗ್ ಅಂಗಡಿಯ ಬೋರಯ್ಯ ತಾಮ್ರದ ತಂತಿ ಸುತ್ತಿ ಹೊಸ ಕಾಲು ಮಾಡಿಕೊಟ್ಟಿದ್ದ. ಹಾಳೆ ಕೈಗೆ ಬಂದ ಕೂಡಲೇ ಅವರು ಓದುತ್ತಿರಲಿಲ್ಲ. ಗಾರೆ ಕೆಲಸದವನು ಗೋಡೆ ನೋಡುವ ಹಾಗೆ ತೋಳುದ್ದ ದೂರ ಹಿಡಿದು, ತಲೆ ವಾಲಿಸಿ, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಆಮೇಲೆ ತೋರುಬೆರಳಿನಿಂದ ಗಾಳಿಯಲ್ಲಿ ಒಮ್ಮೆ ಬರೆಯುತ್ತಿದ್ದರು. ಕೀಬೋರ್ಡಿನ ಸರದಿ ಮೂರನೆಯದು.

ಅವರ ಬಳಿ ಇದ್ದದ್ದು ಎಲ್ಲ ಆಫೀಸುಗಳಲ್ಲೂ ಅರ್ಜಿ, ಪತ್ರ ಟೈಪ್ ಮಾಡುವ ಮಾಮೂಲಿ ಸಾಫ್ಟ್‌ವೇರು. ಅದರೊಳಗೆ ಒಂದು ಮೂಲೆಯಲ್ಲಿ ಈಕ್ವೇಶನ್ ಎಡಿಟರ್ ಎಂಬುದೊಂದು ಇರುತ್ತದೆ. ಊರಿನ ಉಳಿದ ಟೈಪಿಂಗ್ ಅಂಗಡಿಯವರು ಆ ಮೂಲೆಯ ಕಡೆ ತಲೆ ಹಾಕುತ್ತಿರಲಿಲ್ಲ. ವರ್ಗಮೂಲ ಬಂದರೆ ಜಾಗ ಬಿಟ್ಟು, "ಪೆನ್ನಾಗೆ ಬರ್ಕೊಳ್ರಿ" ಎಂದು ಕೈ ತೊಳೆದುಕೊಳ್ಳುತ್ತಿದ್ದರು. ಸಾಹೇಬರು ಆ ಮೂಲೆಯಲ್ಲೇ ಸಂಸಾರ ಹೂಡಿದ್ದರು. ಅಲ್ಲಿನ ಒಂದೊಂದಕ್ಕೂ ಅವರದೇ ಹೆಸರಿತ್ತು. ಭಿನ್ನರಾಶಿ ಮಾಳಿಗೆ ಮನೆ. ಮೇಲಿನವರು, ಕೆಳಗಿನವರು, ನಡುವೆ ತೊಲೆ. ಎಕ್ಸ್ ಸ್ಕ್ವೇರ್ ಎಂದರೆ ಎಕ್ಸಿನ ಹೆಗಲ ಮೇಲೆ ಕೂತ ಕೂಸು. ಇನ್ನೂ ಏನನ್ನೂ ತುಂಬದ, ಚುಕ್ಕಿ ಗೆರೆಯ ಪುಟ್ಟ ಚೌಕಗಳು ಖಾನೆಗಳು. ವರ್ಗಮೂಲದ ಚಿಹ್ನೆ ಮಾತ್ರ ಚಪ್ಪರ.

"ಲೇ ಗೌಸು, ಬೆಳಗ್ಗಿಂದ ಚಪ್ಪರ ಚಪ್ಪರ ಅಂತಿದೀಯಲ್ಲೋ, ಯಾರ ಮದುವೆನೋ?" ಎಂದು ಬೋರಯ್ಯ ಗೋಡೆಯಾಚೆಯಿಂದ ಕೂಗುತ್ತಿದ್ದ.

"ನಿಂದೇ ಕಣ್ಲಾ, ಎರಡನೇದು. ಹೆಣ್ಣಿನ ಕಡೆಯೋರು ಒಪ್ಪಿದ್ರೆ ಹೇಳ್ತೀನಿ ಸುಮ್ಕಿರು," ಎಂದು ಇವರು ಕೀಬೋರ್ಡಿನಿಂದ ಕಣ್ಣೆತ್ತದೆ ಹೇಳುತ್ತಿದ್ದರು.

ನಾನು ಬಳ್ಳಾರಿಯ ಕಾನ್ವೆಂಟಿನಲ್ಲಿ ಓದಿ, ಚಳ್ಳಕೆರೆಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು. ಇಡೀ ಊರಿಗೆ ನಾನು ಮಿಸ್. ಸಾಹೇಬರ ಮಗಳು ನಸ್ರೀನ್ ನನ್ನ ಸ್ಟೂಡೆಂಟ್, ಹಾಗಾಗಿ ಅವರಿಗೂ ನಾನು ಮಿಸ್ಸೇ. ಅವರ ಅಂಗಡಿಯಿಂದ ಬಂದ ನನ್ನ ಮೊದಲ ಪ್ರಶ್ನೆಪತ್ರಿಕೆಯ ಪ್ರೂಫಿನಲ್ಲಿ ಏಳು ಎಂಬ ಅಂಕಿಯೇ ಇರಲಿಲ್ಲ. ಏಳು ಇರಬೇಕಾದ ಕಡೆಯೆಲ್ಲ ಬಿಳಿ ಜಾಗ.

"ಏನ್ ಸಾಹೇಬ್ರೆ, ನನ್ನ ಸೆವೆನ್‌ಗಳೆಲ್ಲ ಎಲ್ಲಿ ಹೋದವು?"

"ನೀವೇ ಹೊಡೆದು ಹಾಕಿದ್ರಲ್ಲ ಮಿಸ್."

"ನಾನಾ?"

"ನೋಡ್ರಿ, ಒಂದೊಂದ್ರ ಹೊಟ್ಟೆ ಮ್ಯಾಲೂ ಗೀಟು ಐತೆ. ಹೊಡೆದಾಕಿದ್ದನ್ನ ಟೈಪ್ ಮಾಡಿದ್ರೆ ನನ್ನ ಬೈತೀರಿ. ಬ್ಯಾರೆ ಏನೋ ಬರ್ಕೊಡ್ತಾರೆ ಅಂತ ಖಾನೆ ಹಂಗೇ ಬಿಟ್ಟೆ."

ಏಳಿನ ನಡುವಿಗೆ ಅಡ್ಡಗೆರೆ ಎಳೆಯುವುದು ನಮ್ಮ ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದು. ಇಲ್ಲವಾದರೆ ಅದು ಒಂದೋ ಏಳೋ ಎಂದು ದೇವರಿಗೂ ತಿಳಿಯುವುದಿಲ್ಲ ಎನ್ನುತ್ತಿದ್ದರು ಅವರು. ಅಷ್ಟು ವರ್ಷ ಬೋರ್ಡಿನ ಮೇಲೆ ಹಾಗೇ ಬರೆದಿದ್ದೆ. ಏನಿದು ಎಂದು ಯಾವ ಮಗುವೂ ಕೇಳಿರಲಿಲ್ಲ. ಸಾಹೇಬರು ಪೂರ್ತಿ ಕೇಳಿಸಿಕೊಂಡು, "ಅಚ್ಛಾ, ಬೆಲ್ಟ್ ಕಟ್ಟಿದ ಏಳು," ಎಂದರು. ಒಂದು ಚೀಟಿಯ ಮೇಲೆ ನನ್ನ ಏಳನ್ನು ನನ್ನಿಂದಲೇ ಬರೆಸಿಕೊಂಡು, ಕೆಳಗೆ 'ಮಿಸ್ ಏಳು' ಎಂದು ಬರೆದು ಮಾನಿಟರಿನ ಅಂಚಿಗೆ ಅಂಟಿಸಿದರು. ಅಂಗಡಿ ಮುಚ್ಚುವವರೆಗೂ ಆ ಚೀಟಿ ಅಲ್ಲೇ ಇತ್ತು.

"ಒಂದು ಮಾತು ತಿಳ್ಕಳ್ರಿ ಮಿಸ್," ಎಂದು ಅವತ್ತೇ ಹೇಳಿದ್ದರು. "ನಾನು ಕಂಡಿದ್ದು ಟೈಪ್ ಹೊಡೀತೀನಿ. ತಿಳಿದಿದ್ದು ಹೊಡಿಯಲ್ಲ."

ಚಪ್ಪರದ ವಿಷಯದಲ್ಲಿ ಮಾತ್ರ ನಮಗಿಬ್ಬರಿಗೂ ವಾದ. ವರ್ಗಮೂಲದ ಚಿಹ್ನೆಗೆ ಒಂದೆರಡು ಅಕ್ಷರದಷ್ಟು ಗಿಡ್ಡ ಗೆರೆ ಹಾಕಿ, ಒಳಗಿನದನ್ನೆಲ್ಲ ಬರೆದು, ಕೊನೆಗೆ ಸ್ಕೇಲ್ ಇಟ್ಟು ಆ ಗೆರೆಯನ್ನು ಪೂರ್ತಿ ಎಳೆಯುವುದು ನನ್ನ ಪದ್ಧತಿ. ಅದೂ ಸಿಸ್ಟರ್ ಕಲಿಸಿದ್ದೇ. ಸಾಹೇಬರಿಗೆ ಇದು ತಲೆಕೆಳಗಾಗಿ ಕಾಣುತ್ತಿತ್ತು.

"ಜನ ಎಲ್ಲ ಬಿಸಿಲಾಗೆ ಕುಂತ ಮ್ಯಾಲೆ ಚಪ್ಪರ ಹಾಕೋದಾ? ನಮ್ಮಲ್ಲಿ ಮೊದಲು ಚಪ್ಪರ, ಆಮ್ಯಾಲೆ ಜನ. ನೋಡ್ರಿ ಇಲ್ಲಿ." ಅವರು ಒಂದು ಗುಂಡಿ ಒತ್ತಿದರೆ ಪರದೆಯ ಮೇಲೆ ಪುಟ್ಟ ಚಪ್ಪರ, ಅದರಡಿ ಒಂದು ಖಾಲಿ ಖಾನೆ. "ಒಬ್ಬೊಬ್ರು ಒಳಗೆ ಬಂದಂಗೆ ಚಪ್ಪರ ತಾನೇ ಉದ್ದ ಆಗ್ತೈತೆ. ಎರಡು ಬಂತು, ಎಕ್ಸ್ ಬಂತು, ಪ್ಲಸ್ ಬಂತು, ನಿಮ್ ಬೆಲ್ಟಿನ ಏಳು ಬಂತು. ಸಾಕು ಅಂದ್ರೆ ಈ ಬಲಗಡೆ ಬಾಣ ಒತ್ತಬೇಕು. ಒತ್ತಿದ್ರೇನೇ ಹೊರಗೆ. ಒತ್ತೋದು ಮರೆತ್ರೋ, ಹಿಂದೆ ಬಂದೋರೆಲ್ಲ ಚಪ್ಪರದಡಿಗೇ ಸೇರ್ಕಂತಾರೆ. ಆ ಬರಾಬರ್ ಚಿಹ್ನೆ, ನಿಮ್ ಈಕ್ವಲ್ ಸಮೇತ!"

ನಾನು ನಕ್ಕು ತಲೆಯಾಡಿಸಿದ್ದೆ. ಅರ್ಥವಾಗಿರಲಿಲ್ಲ. ಟು ಬಿ ಫೇರ್, ಅರ್ಥ ಮಾಡಿಕೊಳ್ಳುವ ಅಗತ್ಯವಿದೆ ಎಂದೇ ನನಗೆ ಅನ್ನಿಸಿರಲಿಲ್ಲ.

ಅವರದು ಇನ್ನೊಂದು ಪದ್ಧತಿ ಇತ್ತು. ಪೇಪರ್ ಪ್ರಿಂಟಾದ ಮೇಲೆ ನಮ್ಮ ಕೈಬರಹದ ಪ್ರತಿಯನ್ನೂ ಪ್ರೂಫನ್ನೂ ಎಣ್ಣೆ ಡಬ್ಬಿಯ ತಗಡಿನ ಮುಚ್ಚಳದಲ್ಲಿಟ್ಟು ಅಂಗಡಿಯ ಮುಂದೆ ಸುಡುತ್ತಿದ್ದರು. ಬೆಂಕಿಕಡ್ಡಿ ಮಾತ್ರ ಮೇಷ್ಟ್ರುಗಳೇ ಗೀರಬೇಕು. "ನೀವೇ ಸುಟ್ರಿ, ನೀವೇ ಸಾಕ್ಷಿ. ನಾಳೆ ಯಾರೂ ಗೌಸ್ ಹತ್ರ ಕಾಗದ ಉಳಿದಿತ್ತು ಅನ್ನಂಗಿಲ್ಲ." ಆ ಮುಚ್ಚಳದ ಮುಂದೆ ಅವರು ಕೈ ಕಟ್ಟಿ ನಿಲ್ಲುತ್ತಿದ್ದ ರೀತಿ ನನಗೆ ಚರ್ಚಿನ ಆಲ್ಟರನ್ನು ನೆನಪಿಸುತ್ತಿತ್ತು.

ನಿವೃತ್ತಿಯಾದ ಮೇಲೂ ಪೇಪರ್ ಸೆಟ್ ಮಾಡಲು ನನ್ನನ್ನೇ ಕರೆಯುತ್ತಿದ್ದರು. ಚಳ್ಳಕೆರೆ, ಮೊಳಕಾಲ್ಮೂರು ಎರಡೂ ತಾಲ್ಲೂಕಿನ ಆರು ಶಾಲೆಗಳು ಸೇರಿ ಹತ್ತನೇ ತರಗತಿಗೆ ಒಂದು ಪೂರ್ವಸಿದ್ಧತಾ ಪರೀಕ್ಷೆ ನಡೆಸುತ್ತಿದ್ದವು. ಸಮಿತಿಯ ಕಾರ್ಯದರ್ಶಿ ಪಾಲಯ್ಯ ಮೇಷ್ಟ್ರು, ನಾಯಕನಹಟ್ಟಿ ಕಡೆಯವರು. ಆ ವರ್ಷದ ಪೇಪರಿನಲ್ಲಿ ನಾಲ್ಕು ಅಂಕದ ಒಂದು ಪ್ರಶ್ನೆ ಇತ್ತು. ಎರಡು ಎಕ್ಸ್ ಪ್ಲಸ್ ಏಳು, ಇಡಿಯಾಗಿ ವರ್ಗಮೂಲದೊಳಗೆ. ಅದು ಎಕ್ಸ್ ಪ್ಲಸ್ ಎರಡಕ್ಕೆ ಸಮ. ಹಾಗಾದರೆ ಎಕ್ಸ್ ಎಷ್ಟು? ಉತ್ತರ ಒಂದು. ಅಚ್ಚಾದ ಪೇಪರಿನಲ್ಲಿ ವರ್ಗಮೂಲದ ಗೆರೆ ಎಕ್ಸಿನ ತಲೆಯ ಮೇಲೇ ನಿಂತುಬಿಟ್ಟಿತ್ತು. ಏಳು ಹೊರಗೆ.

ಹಾಗೆ ಬಿಡಿಸಿದರೆ ಉತ್ತರದೊಳಗೇ ಇನ್ನೊಂದು ವರ್ಗಮೂಲ ಬಂದು ಕೂರುತ್ತದೆ. ಲೆಕ್ಕ ಬಾರದ ಮಕ್ಕಳು ಆ ಪ್ರಶ್ನೆ ಬಿಟ್ಟು ಆರಾಮಾಗಿ ಮುಂದೆ ಹೋದರು. ಜಾಣ ಮಕ್ಕಳು ಬಿಡಲಿಲ್ಲ. ಮೊಳಕಾಲ್ಮೂರಿನ ಒಬ್ಬಳು ಹುಡುಗಿ ಅದೊಂದಕ್ಕೇ ಅಡಿಶನಲ್ ಶೀಟುಗಳನ್ನು ತುಂಬಿಸಿ, ಉಳಿದದ್ದಕ್ಕೆ ಟೈಮ್ ಸಾಲದೆ ಅತ್ತಳಂತೆ. ಮಧ್ಯಾಹ್ನದ ಹೊತ್ತಿಗೆ ಆರು ಶಾಲೆಗಳಿಂದಲೂ ಫೋನು.

ಮೂರನೇ ದಿನ ಮೀಟಿಂಗ್. ಸಾಹೇಬರನ್ನೂ ಕರೆಸಿದ್ದರು. ಅವರು ಬಾಗಿಲ ಹತ್ತಿರದ ಕುರ್ಚಿಯ ತುದಿಯಲ್ಲಿ ಕುಳಿತಿದ್ದರು.

"ಏನ್ ಗೌಸ್ ಸಾಬ್ರೆ," ಎಂದರು ಪಾಲಯ್ಯ, "ಏಳು ರೂಟಿಂದ ಎದ್ದು ಹೊರಗೆ ಬಂದೈತಲ್ರೀ! ಮಿಸ್ ಬರೆದಿದ್ದ ಹಾಳೆ ಎಲ್ಲೈತೆ?"

"ಸುಟ್ಟಾಯ್ತಲ್ರಿ. ಮಿಸ್ಸೇ ಕಡ್ಡಿ ಗೀರಿದ್ರು."

ಎಲ್ಲರೂ ನನ್ನ ಕಡೆ ನೋಡಿದರು. "ನಾನು ಸರಿಯಾಗಿಯೇ ಬರೆದಿದ್ದೆ," ಎಂದೆ. "ಪ್ರೂಫ್ ನೋಡುವಾಗ ಕಣ್ಣು ತಪ್ಪಿತು. ದಟ್ ಮಚ್ ಈಸ್ ಮೈ ಫಾಲ್ಟ್." ಸುಳ್ಳು ಹೇಳಲಿಲ್ಲ, ನಾನು ಹಾಗೆಯೇ ನಂಬಿದ್ದೆ. ಸಾಹೇಬರು ನನ್ನನ್ನು ಒಮ್ಮೆ ನೋಡಿದರು. ಹಾಳೆ ಹಿಡಿದು ನೋಡುತ್ತಿದ್ದರಲ್ಲ, ಹಾಗೆ, ತಲೆ ವಾಲಿಸಿ. ಆಮೇಲೆ, "ಕೈ ತಪ್ಪಿರಬೇಕು," ಎಂದರು.

ಆಗ ನಾನು ಮಾಡಿದ್ದನ್ನು ಇಲ್ಲಿ ಬರೆಯಲೇಬೇಕು. ಎದ್ದು ನಿಂತು, ಅವರ ಪರವಾಗಿ ಮಾತಾಡಿದೆ. "ಮನುಷ್ಯರು ಅಂದ ಮೇಲೆ ತಪ್ಪು ಮಾಡ್ತಾರೆ ಮೇಷ್ಟ್ರೇ. ಐ ಹ್ಯಾವ್ ಫರ್‌ಗಿವನ್ ಹಿಮ್. ನೀವೂ ದೊಡ್ಡ ಮನಸ್ಸು ಮಾಡಿ." ನನ್ನ ಉದಾರತೆ ನನಗೇ ಹಿತವಾಗಿತ್ತು. ನಡಾವಳಿ ಪುಸ್ತಕದಲ್ಲಿ 'ಬೆರಳಚ್ಚುಗಾರರ ತಪ್ಪಿನಿಂದ' ಎಂದು ಬರೆದರು. ಮುಂದಿನ ವರ್ಷದಿಂದ ಆರು ಶಾಲೆಗಳ ಪೇಪರೂ ಜಿಲ್ಲಾ ಕೇಂದ್ರ ದುರ್ಗದಲ್ಲಿ ಟೈಪಾಗತೊಡಗಿತು. ಉಳಿದ ಶಾಲೆ, ಕಾಲೇಜುಗಳೂ ಒಂದೊಂದಾಗಿ ಕೈ ಬಿಟ್ಟವು.

ಆಮೇಲೆ ಸಾಹೇಬರಿಗೆ ಉಳಿದದ್ದು ಬಾಂಡ್ ಪೇಪರು, ಪಿಂಚಣಿ ಅರ್ಜಿ, ಮತ್ತು ನನ್ನ ಪುಸ್ತಕ. ಕನ್ನಡ ಮೀಡಿಯಂ ಹೆಣ್ಣುಮಕ್ಕಳಿಗೆಂದು ನಾನೊಂದು ಲೆಕ್ಕದ ಪುಸ್ತಕ ಬರೆಯುತ್ತಿದ್ದೆ. ಗುರುವಾರ ಬೆಳಿಗ್ಗೆ ಸ್ಟೂಲಿನ ಮೇಲೆ ಕೂತು ನಾನು ಹಾಳೆ ಕೊಡುವುದು, ಅವರು ಟೈಪ್ ಮಾಡುವುದು. ಮುನಿಸು ತೋರಿಸಲಿಲ್ಲ. ವಾದವನ್ನೂ ಮಾಡಲಿಲ್ಲ. ಏನು ಹೇಳಿದರೂ "ಹ್ಞೂಂ ಮಿಸ್." ಗೋಡೆಯಾಚೆಯಿಂದ ಬೋರಯ್ಯ ಕೂಗುವುದೂ ನಿಂತಿತ್ತು. ಸಾಹೇಬರು ಚಪ್ಪರ ಎನ್ನುವುದನ್ನು ಬಿಟ್ಟು ಎಲ್ಲರಂತೆ ರೂಟ್ ಎನ್ನುತ್ತಿದ್ದರೆಂಬುದನ್ನು ನಾನು ಗಮನಿಸಿದ್ದು ಬಹಳ ತಡವಾಗಿ.

ಪುಸ್ತಕ ಮುಕ್ಕಾಲು ಆಗಿರುವಾಗ ಅವರ ಕಣ್ಣು ಹೋಯಿತು. ಕಣ್ಣಿನ ನರ ಒಣಗಿದೆ, ಇನ್ನು ಬರುವುದಿಲ್ಲ ಎಂದರಂತೆ ಡಾಕ್ಟರು. ಅಂಗಡಿ ಮುಚ್ಚಿ ಮೊಳಕಾಲ್ಮೂರಿಗೆ ನಸ್ರೀನಳ ಮನೆಗೆ ಹೋದರು. ಅವಳ ಗಂಡನದು ಅಲ್ಲಿ ಬೈಕ್ ರಿಪೇರಿ ಅಂಗಡಿ. ಹೋಗುವ ಮುಂಚೆ ನನ್ನ ಪುಸ್ತಕವಿದ್ದ ಪೆನ್ ಡ್ರೈವನ್ನು ಕವರಿನಲ್ಲಿ ಹಾಕಿ, ಅಂಟಿಸಿ, ಮೇಲೆ ಸಹಿ ಮಾಡಿ ಕಳಿಸಿದ್ದರು.

ನನ್ನ ಲ್ಯಾಪ್‌ಟಾಪಿನಲ್ಲಿ ಪುಸ್ತಕ ತೆರೆಯಿತು. ಸೂತ್ರಗಳು ಮಾತ್ರ ಕಾಣುತ್ತಿದ್ದವು, ತಿದ್ದಲು ಆಗುತ್ತಿರಲಿಲ್ಲ. ನಸ್ರೀನಳಿಗೆ ಫೋನ್ ಮಾಡಿದೆ.

"ಅದು ಹಳೇ ಎಡಿಟರ್‌ನಾಗೆ ಮಾಡಿದ್ದು ಮಿಸ್. ಹೊಸದ್ರಾಗೆ ಬರೀ ಫೋಟೋ ಥರ ಇರ್ತೈತೆ, ಬಾಯಿ ಬಿಡಲ್ಲ. ತಿದ್ದಬೇಕು ಅಂದ್ರೆ ನೀವೇ ಹೊಸದಾಗಿ ಹೊಡೀಬೇಕು. ನಮ್ಮಬ್ಬಾನ ಪಕ್ಕದಾಗೆ ಅಷ್ಟು ವರ್ಷ ಕುಂತಿದ್ರಿ, ಕಲೀಲಿಲ್ವಾ?"

ಈ ವಯಸ್ಸಿನಲ್ಲಿ ಕಲಿತೆ. ಒಂದು ಮಧ್ಯಾಹ್ನ, ವರ್ಗಮೂಲದ ಅಧ್ಯಾಯಕ್ಕೆ ಅದೇ ಹಳೆಯ ಲೆಕ್ಕವನ್ನು ಹಾಕೋಣವೆಂದು ಟೈಪ್ ಮಾಡುತ್ತಿದ್ದೆ. ಮೊದಲು ಚಪ್ಪರ. ಎರಡು, ಎಕ್ಸ್, ಪ್ಲಸ್, ಏಳು. ಈಕ್ವಲ್ ಚಿಹ್ನೆ ಒತ್ತಿದರೆ ಅದೂ ಚಪ್ಪರದಡಿ ಬಂತು. ಎಕ್ಸ್ ಪ್ಲಸ್ ಎರಡೂ ಒಳಗೇ ಬಂದವು. ಬಾಣ ಒತ್ತುವುದನ್ನು ಮರೆತಿದ್ದೆ. ಅಳಿಸಿ ಮತ್ತೆ ಹೊಡೆದೆ, ಮತ್ತೆ ಮರೆತೆ, ಮತ್ತೆ ಎಲ್ಲವೂ ಒಳಗೆ. ಮೊದಲು ನಗು ಬಂತು. ಆಮೇಲೆ ಕೈ ನಿಂತಿತು.

ಕೈ ತಪ್ಪಿದರೆ ಚಪ್ಪರ ಉದ್ದವಾಗುತ್ತದೆ. ಏಳು ಹೊರಗೆ ಬರಬೇಕಾದರೆ ಎಕ್ಸ್ ಆದ ಕೂಡಲೇ ಬಾಣ ಒತ್ತಬೇಕು. ನೋಡಿ, ಬೇಕೆಂದೇ ಒತ್ತಬೇಕು. ಸಾಹೇಬರು ಬೇಕೆಂದು ಒತ್ತುತ್ತಿದ್ದುದು ಒಂದೇ ಕಾರಣಕ್ಕೆ, ಎದುರಿನ ಹಾಳೆಯಲ್ಲಿ ಹಾಗೆ ಕಂಡರೆ. ಎಂದರೆ ಆ ಹಾಳೆಯಲ್ಲಿ ನಾನು ಕೊನೆಗೆ ಸ್ಕೇಲ್ ಇಟ್ಟು ಗೆರೆ ಎಳೆಯುವುದನ್ನು ಮರೆತಿದ್ದೆ. ಪ್ರೂಫ್ ಓದುವಾಗ ಮನಸ್ಸಿನಲ್ಲಿದ್ದ ಗೆರೆಯನ್ನೇ ಓದಿಕೊಂಡು ಹೋಗಿದ್ದೆ.

ಮರುದಿನ ಬೆಳಗಿನ ಬಸ್ಸಿಗೆ ಮೊಳಕಾಲ್ಮೂರಿಗೆ ಹೋದೆ. ಬಂಡೆಗುಡ್ಡದ ಬುಡದಲ್ಲಿ ನಸ್ರೀನಳ ಮನೆ. ಪಕ್ಕದ ಮನೆಯಿಂದ ಮಗ್ಗದ ಸದ್ದು. ಸಾಹೇಬರು ಮಂಚದ ಮೇಲೆ ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದರು. ಕನ್ನಡಕ ಇರಲಿಲ್ಲ.

"ಗುಡ್ ಮಾರ್ನಿಂಗ್ ಸಾಹೇಬ್ರೆ."

"ಮಿಸ್ಸಾ! ಬೇಟಿ, ಚಾ ಇಡು. ಮಿಸ್‌ಗೆ ಸಕ್ಕರೆ ಕಮ್ಮಿ."

ಚಹಾ ಬರುವವರೆಗೂ ಕಾಯಲು ನನ್ನಿಂದ ಆಗಲಿಲ್ಲ. "ಸಾಹೇಬ್ರೆ, ಬಾಣ ಒತ್ತದೇ ಇದ್ದರೆ ಏಳು ಹೊರಗೆ ಬರುತ್ತದಾ?"

ಅವರು ತಲೆ ವಾಲಿಸಿದರು. "ಬರಲ್ಲ ಮಿಸ್."

"ಹಾಗಾದರೆ ಅವತ್ತು..."

"ಒತ್ತಿದ್ದೆ. ನಿಮ್ ಹಾಳ್ಯಾಗೆ ಚಪ್ಪರ ಎಕ್ಸ್ ತಂಕ ಐತೆ, ಅಷ್ಟೇ. ಸ್ಕೇಲಿನ ಗೀಟು ಇರ್ಲಿಲ್ಲ. ಏಳು ಬೆಲ್ಟ್ ಕಟ್ಕಂಡು ಬಿಸಿಲಾಗೆ ನಿಂತಿತ್ತು."

"ತಪ್ಪು ಅಂತ ಆಗಲೇ ಗೊತ್ತಾಗಿತ್ತಾ?"

ಅವರು ನಕ್ಕರು. "ನಿಮ್ ಲೆಕ್ಕಕ್ಕೆ ಉತ್ತರ ಯಾವಾಗ್ಲೂ ಒಂದು, ಎರಡು, ಮೂರು ಹಿಂಗೇ ಬರ್ತೈತೆ. ಮನಸ್ಸಿನಾಗೇ ಮಾಡಿ ನೋಡ್ದೆ. ವಿಕಾರ ಬಂತು. ಚಪ್ಪರ ಎಳೆದು ನೋಡ್ದೆ, ಒಂದು ಬಂತು."

"ನಿಮಗೆ ಮ್ಯಾಥ್ಸ್ ಬರುತ್ತಾ?"

"ಇಪ್ಪತ್ತು ವರ್ಷ ಹೊಡೆದೀನಿ ಮಿಸ್. ಕತ್ತೆ ಹೊಡೆದಿದ್ರೂ ಬರ್ತಿತ್ತು."

"ಮತ್ತೆ ಒಂದು ಫೋನ್ ಮಾಡಬಾರದಿತ್ತಾ?"

"ಕೈಗೆ ತಗಂಡಿದ್ದೆ. ಮಾಡಿದ್ರೆ ಗೌಸ್‌ಗೆ ಲೆಕ್ಕ ಬರ್ತೈತೆ ಅಂತ ಆಗ್ತಿತ್ತು. ಆಮ್ಯಾಲೆ ಯಾರು ಪೇಪರ್ ಕೊಡ್ತಿದ್ರು? ಪ್ರೂಫ್‌ನಾಗೆ ನೀವೇ ಹಿಡೀತೀರಿ ಅಂತ ಬಿಟ್ಟೆ. ನೀವು ಹಿಡೀಲಿಲ್ಲ."

"ಮೀಟಿಂಗಿನಲ್ಲಾದರೂ ಹೇಳಬಹುದಿತ್ತು."

"ಕಾಗದ ಸುಟ್ಟಿತ್ತು. ಉಳಿದಿದ್ದು ನಿಮ್ಮ ಮಾತು, ನನ್ನ ಮಾತು. ಯಾರ್ದು ನಡೀತಿತ್ತು, ನೀವೇ ಹೇಳ್ರಿ."

ನಸ್ರೀನ್ ಚಹಾ ತಂದಿಟ್ಟು, ನಮ್ಮಿಬ್ಬರ ಮುಖ ನೋಡಿ ಒಳಗೆ ಹೋದಳು. ಸಾಹೇಬರು ಬೆರಳಿನಿಂದ ಕಪ್ಪಿನ ಅಂಚನ್ನು ಹುಡುಕಿಕೊಂಡು ಎರಡು ಗುಟುಕು ಕುಡಿದರು.

"ಕೆಲಸ ಹೋಗಿದ್ದು ಹೋತು ಮಿಸ್. ಎಲ್ಲರ ಮುಂದೆ ಎದ್ದು ನಿಂತು ಮಾಫ್ ಮಾಡಿದ್ರಲ್ಲ, ಅದೊಂದು ಬ್ಯಾಡಾಗಿತ್ತು."

"ಐ ಆಮ್ ಸಾರಿ," ಎಂದೆ. ಕನ್ನಡದಲ್ಲಿ ಹೇಳಲು ಬಾಯಿ ಬರಲಿಲ್ಲ.

"ನನಗ್ಯಾಕೆ ಹೇಳ್ತೀರಿ, ನನಗೆ ಗೊತ್ತೇ ಐತೆ. ಆ ಬುಕ್ಕಿನಾಗೆ ಬರೆದಾರಲ್ಲ, ಬೆರಳಚ್ಚುಗಾರರ ತಪ್ಪು ಅಂತ. ಅಲ್ಲಿ ಹೇಳ್ರಿ."

ಮುಂದಿನ ವಾರವೇ ಹೋಗಿ ಹೇಳುತ್ತೇನೆ ಎಂದು ಮಾತು ಕೊಟ್ಟೆ. ಹೊರಡುವಾಗ ಅವರು, "ಈಗ ನೀವೇ ಹೊಡೀತೀರಂತಲ್ಲ. ಬಾಣ ಮರೀಬ್ಯಾಡ್ರಿ," ಎಂದರು. ಅದು ಕೊನೆಯ ಮಾತು.

ಮುಂದಿನ ವಾರ ಹೋಗಲಿಲ್ಲ. ಬಿಸಿಲು ಹೆಚ್ಚಾಗಿತ್ತು. ಆಮೇಲೆ ಮಂಡಿ ನೋವು. ಆಮೇಲೆ ಪಾಲಯ್ಯ ಊರಲ್ಲಿರಲಿಲ್ಲ. ಇವೆಲ್ಲ ನಿಜವೇ. ಒಂದು ಕಾಲದಲ್ಲಿ ನನ್ನ ಎದುರು ಕುಳಿತುಕೊಳ್ಳಲೂ ಹಿಂಜರಿಯುತ್ತಿದ್ದ ಮೇಷ್ಟ್ರುಗಳ ಮುಂದೆ ನಿಂತು ತಪ್ಪು ನನ್ನದೆಂದು ಹೇಳಬೇಕಲ್ಲ ಎಂಬುದು ಇವೆಲ್ಲಕ್ಕಿಂತ ನಿಜ. ಹೀಗೆ ಮೂರು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ನಸ್ರೀನಳ ಫೋನ್ ಬಂತು. "ಅಬ್ಬಾ ಹೋಗ್ಬಿಟ್ರು ಮಿಸ್," ಎಂದಳು. ಆಮೇಲೆ, "ಮಿಸ್ ಬುಕ್ಕಿನಾಗೆ ಬರೆದ್ರಾ ಅಂತ ಎರಡು ಸಲ ಕೇಳಿದ್ರು. ಬರೆದಾರೆ ಅಂದೆ," ಎಂದಳು.

ಮೂರನೇ ದಿನ ಪಾಲಯ್ಯನವರ ಶಾಲೆಗೆ ಹೋದೆ. ಎಲ್ಲ ಕೇಳಿ ಅವರು ಮುಜುಗರದಿಂದ ನಕ್ಕರು. "ಯಾವ ಕಾಲದ್ದು ಮಿಸ್ ಅದು! ಮನುಷ್ಯನೇ ಇಲ್ಲ ಈಗ. ಬಿಡ್ರಿ, ಯಾರು ನೋಡ್ತಾರೆ ಆ ಬುಕ್ಕು?"

"ಬುಕ್ ತೆಗೀರಿ ಪಾಲಯ್ಯ."

ಬೀರುವಿನ ತಳದಿಂದ ಧೂಳು ಕೊಡವಿ ತೆಗೆದರು. ಆ ಪುಟದ ಅಂಚಿನಲ್ಲಿ ಬರೆದೆ: 'ತಪ್ಪು ಪ್ರಶ್ನೆ ಬರೆದವಳದು. ಬೆರಳಚ್ಚುಗಾರರು ಕಂಡದ್ದನ್ನೇ ಮಾಡಿದ್ದಾರೆ.' ಸಹಿ ಹಾಕಿದೆ. ಅಷ್ಟಕ್ಕೆ ಮುಗಿಯಿತೆನ್ನಿಸಲಿಲ್ಲ. ಕೆಳಗೆ ಆ ಲೆಕ್ಕವನ್ನು ಬರೆದೆ. ಸ್ಕೇಲ್ ಕೇಳಿದೆ; ಪಾಲಯ್ಯ ಯಾವುದೋ ತರಗತಿಯಿಂದ ತರಿಸಿಕೊಟ್ಟರು. ಗೆರೆ ಎಳೆಯುವಾಗ ಪೆನ್ನು ನಿಲ್ಲಲಿಲ್ಲ. ಚಪ್ಪರ ಏಳನ್ನು ದಾಟಿ ಈಕ್ವಲ್ ಚಿಹ್ನೆಯ ಮೇಲಕ್ಕೂ ಹೋಗಿಬಿಟ್ಟಿತು.

"ಉದ್ದ ಆತಲ್ಲ ಮಿಸ್," ಎಂದರು ಪಾಲಯ್ಯ. "ವೈಟ್ನರ್ ಕೊಡ್ಲಾ?"

"ಬೇಡ," ಎಂದೆ. "ಇದು ಕೈ ತಪ್ಪಿದ್ದು."